ಮಕ್ಕಳಿಗೆ ತಲೆಸ್ನಾನ ಎಷ್ಟು ದಿನಕ್ಕೊಮ್ಮೆ? ಕೂಸಿನಿಂದ ಹರೆಯದವರೆಗೆ ಸಮಗ್ರ ಮಾರ್ಗದರ್ಶಿ

ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಕಿವಿಯ ಹಿಂದೆ, ಹೆಡತಲೆಯ ಹತ್ತಿರ ಬಿಳಿ ಪುಡಿ ಕಾಣಿಸಿತು. ಹೊಟ್ಟು ಅಂದುಕೊಂಡೆ. ವಾರಕ್ಕೆ ಎರಡು ಸಲ ಇದ್ದ ತಲೆಸ್ನಾನವನ್ನು ದಿನ ಬಿಟ್ಟು ದಿನ ಮಾಡಿದೆ. ಪುಡಿ ಜಾಸ್ತಿಯಾಯಿತು. ದಿನಾ ಮಾಡಿ ನೋಡಿದೆ. ಪುಡಿಯ ಜೊತೆಗೆ ತುರಿಕೆಯೂ ಬಂತು. ಕೊನೆಗೆ ಚರ್ಮದ ವೈದ್ಯರಿಗೆ ತೋರಿಸಿದೆ. ಅವರು ಕೂದಲು ಎತ್ತಿ ನೋಡಿದರು, ಪುಡಿಯನ್ನು ಎರಡು ಬೆರಳ ನಡುವೆ ಉಜ್ಜಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಶಾಂಪೂ ಹಾಕಿದ ಮೇಲೆ ಎಷ್ಟು ನೀರು ಹಾಕ್ತೀರಿ?"

ಅವಳು ಅಳುತ್ತಾಳೆ ಅಂತ ನಾನು ಎರಡು ಮಗ್ ಸುರಿದು ಕೈ ತೊಳೆದುಕೊಳ್ಳುತ್ತಿದ್ದೆ. ಅದು ಹೊಟ್ಟೇ ಆಗಿರಲಿಲ್ಲ. ಸರಿಯಾಗಿ ಹೋಗದೆ ಅಲ್ಲೇ ಒಣಗಿದ ಶಾಂಪೂ, ಅದರಿಂದ ಒಣಗಿ ಏಳುತ್ತಿದ್ದ ಚರ್ಮ. ನಾನು ತೊಳೆದಷ್ಟೂ ಅದು ಹೆಚ್ಚುತ್ತಿತ್ತು.

ಹಾಗಾಗಿ ಎಷ್ಟು ದಿನಕ್ಕೊಮ್ಮೆ ಅನ್ನುವ ಪ್ರಶ್ನೆಯನ್ನು ಹೇಗೆ ತೊಳೆಯುತ್ತೀರಿ ಅನ್ನುವುದರಿಂದ ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಅವಸರದಲ್ಲಿರುವವರಿಗೆ ಚಿಕ್ಕ ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ. ಹರೆಯ ಇನ್ನೂ ದೂರವಿರುವ ಮಗುವಿಗೆ ವಾರಕ್ಕೆ ಒಂದೆರಡು ಸಲ ಸಾಕು. ಕೂದಲು ತುಂಬಾ ಗುಂಗುರಾಗಿದ್ದರೆ ಅಥವಾ ಒಣ ಸ್ವಭಾವದ್ದಾಗಿದ್ದರೆ 7ರಿಂದ 10 ದಿನಕ್ಕೊಮ್ಮೆ. ಹರೆಯ ಶುರುವಾಗಿ ತಲೆ ಜಿಡ್ಡಾಗುತ್ತಿದ್ದರೆ ದಿನ ಬಿಟ್ಟು ದಿನ, ಬೇಕಾದರೆ ದಿನಾ. ಇನ್ನು ಸಾವಕಾಶವಾಗಿ ನೋಡೋಣ.

ಜಿಡ್ಡು ಎಲ್ಲಿಂದ ಬರುತ್ತದೆ?

ಕೂದಲ ಬುಡದಲ್ಲಿ ಪುಟ್ಟ ಎಣ್ಣೆ ಗ್ರಂಥಿಗಳು ಇರುತ್ತವೆ. ಅವು ಒಸರುವ ಜಿಡ್ಡಿಗೆ ಸೀಬಮ್ ಅಂತ ಹೆಸರು. ಕೂದಲು ಮೆತ್ತಗಿರಲು, ತಲೆಯ ಚರ್ಮ ಬಿರಿಯದಿರಲು ಈ ಜಿಡ್ಡು ಬೇಕೇ ಬೇಕು. ಜಾಸ್ತಿಯಾದಾಗ ಮಾತ್ರ ಧೂಳು, ಬೆವರು, ಸತ್ತ ಚರ್ಮ ಎಲ್ಲವನ್ನೂ ಅಂಟಿಸಿಕೊಂಡು ತಲೆ ಭಾರವಾಗುತ್ತದೆ, ವಾಸನೆ ಬರುತ್ತದೆ.

ಈ ಗ್ರಂಥಿಗಳು ಜೀವನವಿಡೀ ಒಂದೇ ಸಮನೆ ಕೆಲಸ ಮಾಡುವುದಿಲ್ಲ. ಕೂಸು ಹುಟ್ಟಿದಾಗ ಹಾರ್ಮೋನುಗಳ ಪ್ರಭಾವದಿಂದ ಚುರುಕಾಗಿರುತ್ತವೆ. ತಿಂಗಳುಗಳು ಕಳೆದಂತೆ ತಣ್ಣಗಾಗುತ್ತವೆ. ಒಂದು ವರ್ಷ ತುಂಬಿದ ಮೇಲೆ ಏಳೆಂಟು ವರ್ಷದ ತನಕ ಹೆಚ್ಚುಕಡಿಮೆ ನಿದ್ದೆಯಲ್ಲೇ ಇರುತ್ತವೆ. ಆಮೇಲೆ ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಹಾರ್ಮೋನು ಬಿಡುಗಡೆ ಮಾಡಲು ಶುರುಮಾಡುತ್ತವೆ. ಎಣ್ಣೆ ಗ್ರಂಥಿಗಳು ಮೆಲ್ಲಗೆ ಏಳುತ್ತವೆ. ಹರೆಯ ಬಂದಾಗ ಪೂರ್ತಿ ಎಚ್ಚರ.

ನಾವು ಎಡವುವುದು ಇಲ್ಲೇ. ನಮ್ಮ ತಲೆ ಮೂರು ದಿನಕ್ಕೆ ಅಂಟಂಟಾಗುತ್ತದೆ, ಹಾಗಾಗಿ ಮಗುವಿನದೂ ಆಗಿರಬೇಕು ಅಂದುಕೊಳ್ಳುತ್ತೇವೆ. ಐದು ವರ್ಷದ ಮಗುವಿನ ತಲೆ ಒಸರುವ ಜಿಡ್ಡೇ ಸ್ವಲ್ಪ. ಅದನ್ನೂ ದಿನಾ ಶಾಂಪೂ ಹಾಕಿ ತೆಗೆದರೆ ಚರ್ಮ ಒಣಗಿ ತುರಿಸುತ್ತದೆ.

ಮೊದಲು ಬುಡ ಮುಟ್ಟಿ ನೋಡಿ

ವಾರ, ತಾರೀಖು ನೋಡಿ ತಲೆಸ್ನಾನ ನಿಗದಿ ಮಾಡುವ ಮೊದಲು ಒಂದು ಕೆಲಸ ಮಾಡಿ. ಕೂದಲು ಒಣಗಿರುವಾಗ, ಮಗು ಸುಮ್ನೆ ಕೂತಿರುವ ಹೊತ್ತಿನಲ್ಲಿ, ಮೂರು ಕಡೆ ಕೂದಲು ಬಿಡಿಸಿ: ಮುಂದಲೆ, ನೆತ್ತಿ, ಕಿವಿಯ ಹಿಂದೆ. ಬೆರಳ ತುದಿಯನ್ನು ಬುಡಕ್ಕೆ ಒತ್ತಿ, ಆಮೇಲೆ ಹೆಬ್ಬೆರಳಿಗೆ ಉಜ್ಜಿ. ಜಾರಿದರೆ ಜಿಡ್ಡು. ತರಿತರಿಯಾದರೆ ಮಣ್ಣು, ಮರಳು. ಒಣ ಪುಡಿ ಉದುರಿದರೆ ಅದು ತೊಳೆಯದೆ ಆದದ್ದಲ್ಲ, ಬಹುಪಾಲು ಅತಿಯಾಗಿ ತೊಳೆದು ಅಥವಾ ಅರ್ಧಂಬರ್ಧ ತೊಳೆದು ಆದದ್ದು. ಬೆರಳಿಗೆ ಏನೂ ತಾಗದಿದ್ದರೆ ಇವತ್ತು ತಲೆಗೆ ನೀರು ಬೇಡ.

ಅನುಮಾನವಿದ್ದರೆ ತೆಳ್ಳಗಿನ ಟಿಶ್ಯೂ ಕಾಗದವನ್ನು ಬೈತಲೆಯ ಮೇಲೆ ಒತ್ತಿ ಬೆಳಕಿಗೆ ಹಿಡಿಯಿರಿ. ಬೋಂಡದ ಕೆಳಗಿಟ್ಟ ಕಾಗದದ ಹಾಗೆ ಪಾರದರ್ಶಕ ಚುಕ್ಕೆ ಕಂಡರೆ ಎಣ್ಣೆ ಇದೆ ಅಂತ. ನೆತ್ತಿಗೆ ಮೂಗಿಟ್ಟು ನೋಡುವುದೂ ಒಳ್ಳೆಯ ಪರೀಕ್ಷೆಯೇ. ಅದನ್ನು ಹೇಗೂ ಎಲ್ಲರೂ ಮಾಡುತ್ತೇವೆ, ಅಲ್ವಾ?

ಮುಂದೆ ಹೇಳುವ ವಯಸ್ಸಿನ ಲೆಕ್ಕವನ್ನು ಆರಂಭಕ್ಕೆ ಇಟ್ಟುಕೊಳ್ಳಿ. ನಿಗದಿಯ ದಿನ ಬಂದಾಗಲೂ ಬುಡ ಸ್ವಚ್ಛವಾಗಿದ್ದರೆ ಒಂದು ದಿನ ಮುಂದೆ ಹಾಕಿ. ಒಂದು ದಿನ ಮೊದಲೇ ಜಿಡ್ಡಾಗಿದ್ದರೆ ಹಿಂದಕ್ಕೆ ತನ್ನಿ. ಮೂರ್ನಾಲ್ಕು ವಾರ ಹೀಗೆ ಮಾಡಿದರೆ ನಿಮ್ಮ ಮಗುವಿನ ಲೆಕ್ಕ ನಿಮಗೇ ಸಿಗುತ್ತದೆ. ಒಂದೇ ಮನೆಯ ಇಬ್ಬರು ಮಕ್ಕಳಿಗೂ ಅದು ಬೇರೆಬೇರೆಯಾಗಿರಬಹುದು. ನಮ್ಮಲ್ಲಿ ಮಗಳಿಗೆ ಆರು ದಿನ, ಮಗನಿಗೆ ಮೂರು.

ವಯಸ್ಸಿಗೆ ತಕ್ಕ ಲೆಕ್ಕ

*ಹುಟ್ಟಿದ ಕೂಸು.* ಮೊದಲ ಸ್ನಾನಕ್ಕೆ ಅವಸರ ಬೇಡ. ಹುಟ್ಟಿ ಕನಿಷ್ಠ 24 ಗಂಟೆ ಕಳೆಯಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೈ ಬೆಚ್ಚಗಿರಬೇಕು, ಹಾಲು ಕುಡಿಯಲು ಶುರುಮಾಡಬೇಕು, ಅದು ಮುಖ್ಯ. ಹೊಕ್ಕುಳಬಳ್ಳಿ ಉದುರುವವರೆಗೆ ಒದ್ದೆ ಬಟ್ಟೆಯಲ್ಲಿ ಮೈ, ತಲೆ ಒರೆಸಿದರೆ ಸಾಕು.

*ಮೊದಲ ವರ್ಷ.* ಈ ವಯಸ್ಸಿನಲ್ಲಿ ವಾರಕ್ಕೆ ಮೂರು ಸ್ನಾನ ಸಾಕು ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ಅದರಲ್ಲಿ ಒಂದೋ ಎರಡೋ ಸಲ ಸೌಮ್ಯವಾದ ಬೇಬಿ ಶಾಂಪೂ ಹಾಕಿ. ಉಳಿದ ದಿನ ತಲೆಗೆ ಬರೀ ನೀರು, ಅದೂ ಬೇಕಿದ್ದರೆ. ಹಾಲು ಕಕ್ಕಿ ಕತ್ತಿನ ಹಿಂದೆ ಅಂಟಿದ್ದರೆ ಅಷ್ಟು ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಅದಕ್ಕಾಗಿ ಇಡೀ ತಲೆ ತೊಳೆಯಬೇಕಿಲ್ಲ.

ನೆತ್ತಿಯ ಮೆತ್ತನೆ ಜಾಗ ಮುಟ್ಟಲು ಬಹಳ ಜನ ಹೆದರುತ್ತಾರೆ. ಅಲ್ಲಿ ಮೂಳೆ ಇನ್ನೂ ಕೂಡಿಲ್ಲ, ನಿಜ. ಮುಂಭಾಗದ ಆ ಜಾಗ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ ಮುಚ್ಚಿಕೊಳ್ಳುತ್ತದೆ. ಆದರೆ ಅದರ ಕೆಳಗೆ ಗಟ್ಟಿ ಪೊರೆ ಇದೆ. ಬೆರಳ ತುದಿಯಲ್ಲಿ ಹಗುರವಾಗಿ ತೊಳೆದರೆ ಏನೂ ಆಗುವುದಿಲ್ಲ. ಹೆದರಿ ಆ ಜಾಗ ಬಿಟ್ಟು ತೊಳೆದರೆ ಅಲ್ಲೇ ಹಳದಿ ಪದರ ದಪ್ಪವಾಗುತ್ತದೆ.

ಆ ಹಳದಿ ಪದರವೂ ಒಂದು ಸಾಮಾನ್ಯ ಸಂಗತಿ. ಹುಟ್ಟಿದ ಕೆಲವು ವಾರಗಳಲ್ಲಿ ಎಷ್ಟೋ ಕೂಸುಗಳ ತಲೆಯ ಮೇಲೆ ಜಿಡ್ಡುಜಿಡ್ಡಾದ ಹಕ್ಕಳೆ ಕಟ್ಟುತ್ತದೆ. ಅದು ಕೊಳೆಯಲ್ಲ, ಅಂಟುರೋಗವಲ್ಲ, ಕೂಸಿಗೆ ಅದರಿಂದ ತೊಂದರೆಯೂ ಇಲ್ಲ. ತೊಂದರೆ ನೋಡುವವರಿಗೆ. ಸ್ವಲ್ಪ ಬೇಬಿ ಆಯಿಲ್ ಹಚ್ಚಿ ಕೆಲವು ನಿಮಿಷ ಬಿಡಿ. ಮೆತ್ತನೆ ಬ್ರಷ್‌ನಲ್ಲಿ ಸುತ್ತಸುತ್ತ ಹಗುರವಾಗಿ ಉಜ್ಜಿ. ಆಮೇಲೆ ಶಾಂಪೂ ಹಾಕಿ ಎಣ್ಣೆ ಪೂರ್ತಿ ತೆಗೆಯಿರಿ. ಎಣ್ಣೆ ಉಳಿದರೆ ಪದರ ಇನ್ನೂ ಅಂಟಿಕೊಳ್ಳುತ್ತದೆ. ಉಗುರಲ್ಲಿ ಕೀಳಬೇಡಿ, ಚರ್ಮ ಕಿತ್ತು ಸೋಂಕಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ತಾನೇ ಹೋಗುತ್ತದೆ.

*ಒಂದರಿಂದ ಎಂಟು ವರ್ಷ.* ವಾರಕ್ಕೆ ಒಂದೆರಡು ಸಲ. ಇಲ್ಲಿ ತಲೆಸ್ನಾನಕ್ಕೆ ಕಾರಣ ಜಿಡ್ಡಲ್ಲ, ಹೊರಗಿನಿಂದ ಬಂದ ಕೊಳೆ. ಮಣ್ಣಲ್ಲಿ ಉರುಳಿದ ದಿನ, ಊಟದ ತಟ್ಟೆಯನ್ನು ಟೋಪಿ ಮಾಡಿಕೊಂಡ ದಿನ ತೊಳೆಯಲೇಬೇಕು. ಇಲ್ಲದಿದ್ದರೆ ಬಿಡಿ.

*ಎಂಟರಿಂದ ಹನ್ನೆರಡು.* ನೇರ ಕೂದಲಿಗೆ ವಾರಕ್ಕೆ ಒಂದೆರಡು ಸಲ, ಸುರುಳಿ ಸುರುಳಿಯಾದ ಒತ್ತು ಗುಂಗುರು ಕೂದಲಿಗೆ 7ರಿಂದ 10 ದಿನಕ್ಕೊಮ್ಮೆ ಅನ್ನುವುದು ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿಯ ಸಲಹೆ. ಕೊಳೆಯಾದಾಗ, ಈಜಿದಾಗ, ತುಂಬಾ ಬೆವರಿದಾಗ ಬೇರೆ ಲೆಕ್ಕ. ಈ ವಯಸ್ಸಿನಲ್ಲಿ ಒಂದು ಬದಲಾವಣೆ ಗಮನಿಸಿ. ನಿನ್ನೆಮೊನ್ನೆಯವರೆಗೆ ಹಗುರವಾಗಿ ಹಾರುತ್ತಿದ್ದ ಕೂದಲು ಹಣೆಗೆ ಅಂಟಲು ಶುರುವಾಗುತ್ತದೆ, ದಿಂಬಿನ ಕವರ್ ವಾಸನೆ ಬರುತ್ತದೆ. ಆಗ ಒಂದು ಸಲ ಹೆಚ್ಚು ಮಾಡಿ. ಹುಡುಗಿಗೆ 8, ಹುಡುಗನಿಗೆ 9 ತುಂಬುವ ಮೊದಲೇ ತಲೆ ಎಣ್ಣೆಯಾಗಿ, ದೊಡ್ಡವರ ಹಾಗೆ ಬೆವರು ವಾಸನೆ ಬರುತ್ತಿದ್ದರೆ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ.

*ಹರೆಯ.* ಇಲ್ಲಿ ನನ್ನ ಅಭಿಪ್ರಾಯ ತಲೆಕೆಳಗಾಗುತ್ತದೆ. ಚಿಕ್ಕವರಿಗೆ ಕಡಿಮೆ ತೊಳೆಯಿರಿ ಅನ್ನುವ ನಾನು, ಹದಿಮೂರರ ಹುಡುಗ ದಿನಾ ತಲೆ ತೊಳೆದರೆ ತಡೆಯಬೇಡಿ ಅನ್ನುತ್ತೇನೆ. ಜಿಡ್ಡು ಹಣೆಗೆ ಇಳಿದು ಮೊಡವೆ ಹೆಚ್ಚಿಸಬಹುದು. ದಿನಾ ತೊಳೆದರೆ ಕೂದಲು ಉದುರಿಹೋಗುತ್ತದೆ ಅನ್ನುವುದು ಸುಳ್ಳು. ಸ್ನಾನದಲ್ಲಿ ಕೈಗೆ ಬರುವ ಕೂದಲು ಆಗಲೇ ಬುಡ ಬಿಟ್ಟದ್ದು. ಎರಡು ದಿನ ತಡವಾಗಿ ತೊಳೆದರೆ ಎರಡು ದಿನದ್ದು ಒಟ್ಟಿಗೆ ಬರುತ್ತದೆ, ಅಷ್ಟೇ.

ಕೂದಲ ಬಗೆ ಲೆಕ್ಕ ಬದಲಿಸುತ್ತದೆ

ನೇರ ಕೂದಲಲ್ಲಿ ಜಿಡ್ಡು ಬುಡದಿಂದ ತುದಿಗೆ ಸಲೀಸಾಗಿ ಇಳಿಯುತ್ತದೆ. ಗುಂಗುರು ಕೂದಲಲ್ಲಿ ಪ್ರತಿ ತಿರುವಿನಲ್ಲೂ ತಡೆದು ನಿಲ್ಲುತ್ತದೆ. ಅದಕ್ಕೇ ಗುಂಗುರು ಕೂದಲಿನ ಮಗುವಿಗೆ ಬುಡ ಸರಿಯಿದ್ದರೂ ತುದಿ ಹುಲ್ಲಿನ ಹಾಗೆ ಒರಟಾಗಿರುತ್ತದೆ. ಇಂಥ ಕೂದಲಿಗೆ ಶಾಂಪೂ ಕಡಿಮೆ, ಕಂಡೀಷನರ್ ಜಾಸ್ತಿ. ತೆಳ್ಳಗಿನ ನೇರ ಕೂದಲು ಬೇಗ ಜಿಡ್ಡಾಗಿ ಕಾಣುತ್ತದೆ, ಅದಕ್ಕೆ ಸ್ವಲ್ಪ ಬೇಗಬೇಗ ಬೇಕು.

ಉದ್ದ ಕೂದಲಾದರೆ ಎಷ್ಟು ಸಲ ಅನ್ನುವುದು ಬದಲಾಗುವುದಿಲ್ಲ, ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ಬದಲಾಗುತ್ತದೆ. ಲೆಕ್ಕಕ್ಕೆ ಬರುವುದು ಬುಡ ಮಾತ್ರ.

ಲೆಕ್ಕ ಮೀರಿ ತೊಳೆಯಬೇಕಾದ ದಿನಗಳು

ಈಜುಕೊಳದಿಂದ ಬಂದ ದಿನ ತಪ್ಪದೆ ತೊಳೆಯಿರಿ. ಕ್ಲೋರಿನ್ ನೀರು ಕೂದಲಲ್ಲಿ ಉಳಿದರೆ ಅದು ಒರಟಾಗುತ್ತದೆ. ಕೊಳಕ್ಕೆ ಇಳಿಯುವ ಮೊದಲೇ ತಲೆಗೆ ಒಳ್ಳೆಯ ನೀರು ಹಾಕಿ, ಬೇಕಿದ್ದರೆ ಸ್ವಲ್ಪ ಕಂಡೀಷನರ್ ಸವರಿ, ಕ್ಯಾಪ್ ಹಾಕಿಸಿ. ಆಗಲೇ ನೀರು ಕುಡಿದ ಕೂದಲು ಕೊಳದ ನೀರನ್ನು ಕಡಿಮೆ ಹೀರುತ್ತದೆ. ತಿಳಿ ಬಣ್ಣದ ಕೂದಲು ಕೆಲವೊಮ್ಮೆ ಹಸಿರಾಗುವುದಕ್ಕೆ ಎಲ್ಲರೂ ಕ್ಲೋರಿನ್ ಅನ್ನು ಬೈಯುತ್ತಾರೆ. ನಿಜವಾದ ಕಳ್ಳ ನೀರಿನಲ್ಲಿರುವ ತಾಮ್ರ.

ಬರೀ ಬೆವರಾದರೆ ಬರೀ ನೀರು ಸಾಕು. ದಿನಾ ಆಟಕ್ಕೆ ಹೋಗುವ ಮಗುವಿಗೆ ದಿನಾ ಶಾಂಪೂ ಹಾಕಬೇಕಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಬುಡ ನೆನೆಸಿ, ಬೆರಳಾಡಿಸಿ, ಒರೆಸಿ. ಶಾಂಪೂ ವಾರದ ಲೆಕ್ಕದಲ್ಲೇ ಇರಲಿ.

ಎಣ್ಣೆ ಹಚ್ಚಿದ ತಲೆಗೆ ಸ್ವಲ್ಪ ನೀರು, ಹೆಚ್ಚು ಶಾಂಪೂ, ಎರಡು ಸುತ್ತು. ಚೂಯಿಂಗ್ ಗಮ್ ಅಂಟಿದರೆ ಕತ್ತರಿ ಹುಡುಕುವ ಮೊದಲು ಅದೇ ಎಣ್ಣೆಯನ್ನು ಗಮ್ಮಿಗೆ ತಿಕ್ಕಿ. ಕರಗಿ ಜಾರಿಬರುತ್ತದೆ.

ಏನು ಬಳಸಬೇಕು?

ಬಾಟಲಿಯ ಮೇಲಿನ ಚಿತ್ರ ನೋಡಬೇಡಿ. ವಾಸನೆ ಕಡಿಮೆ ಇರುವ, ಸೌಮ್ಯವಾದ ಯಾವುದಾದರೂ ಆಗಬಹುದು. 'ಕಣ್ಣುರಿ ಇಲ್ಲ' ಅನ್ನುವ ಶಾಂಪೂಗಳಲ್ಲಿ ಕೊಳೆ ತೆಗೆಯುವ ಅಂಶ ಸೌಮ್ಯವಾಗಿರುತ್ತದೆ, ಹುಳಿ-ಕ್ಷಾರದ ಹದ ಕಣ್ಣೀರಿಗೆ ಹತ್ತಿರವಿರುತ್ತದೆ. ಆದರೂ ಕಣ್ಣಿಗೆ ಹೋದರೆ ಮಗು ಖುಷಿಪಡುವುದೇನಿಲ್ಲ. ಮೈಗೆ ಹಾಕುವ ಸೋಪನ್ನು ತಲೆಗೆ ಹಾಕಬೇಡಿ. ಅದು ಕ್ಷಾರ, ಗಡಸು ನೀರಿನ ಜೊತೆ ಸೇರಿ ಕೂದಲ ಮೇಲೆ ಬಿಳಿ ಪದರ ಬಿಡುತ್ತದೆ.

ಅಳತೆ? ಚಿಕ್ಕ ಮಗುವಿಗೆ ಕಿರುಬೆರಳ ಉಗುರಿನಷ್ಟು. ಹೆಗಲ ತನಕ ಕೂದಲಿದ್ದರೆ ಅದರ ಎರಡು ಮೂರು ಪಟ್ಟು. ನೊರೆ ಜಾಸ್ತಿ ಬಂದರೆ ಜಾಸ್ತಿ ಸ್ವಚ್ಛ ಅಂತೇನಿಲ್ಲ. ಶಾಂಪೂವನ್ನು ಅಂಗೈಯಲ್ಲಿ ನೀರು ಬೆರೆಸಿ ತೆಳ್ಳಗೆ ಮಾಡಿಕೊಳ್ಳಿ, ಆದರೆ ಬಾಟಲಿಗೇ ನೀರು ಹಾಕಿ ಇಡಬೇಡಿ. ಕೆಡದಂತೆ ಹಾಕಿದ ಅಂಶ ತೆಳ್ಳಗಾಗಿ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯಬಹುದು.

ತೊಳೆಯುವ ಕ್ರಮ

1. ಎಲ್ಲ ಸಾಮಾನು ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಿ: ಟವೆಲ್, ಒಣ ಚಿಕ್ಕ ಬಟ್ಟೆ, ಮಗ್, ಶಾಂಪೂ, ಬಾಚಣಿಗೆ. ಟವೆಲ್ ಮರೆತೆ ಅಂತ ಮಗುವನ್ನು ನೀರಿನ ಟಬ್‌ನಲ್ಲಿ ಬಿಟ್ಟು ಎದ್ದು ಹೋಗಬೇಡಿ. ಚಿಕ್ಕ ಮಗು ಮುಳುಗಲು ಒಂದೆರಡು ಇಂಚು ನೀರು ಸಾಕು. ಫೋನ್ ಹೊರಗೇ ಇರಲಿ.

2. ಒಣಗಿರುವಾಗಲೇ ಸಿಕ್ಕು ಬಿಡಿಸಿ. ಸಿಕ್ಕಿನ ಮೇಲೆ ನೀರು ಬಿದ್ದರೆ ಅದು ಗಂಟಾಗುತ್ತದೆ. ಒತ್ತು ಗುಂಗುರು ಕೂದಲಿಗೆ ಇದು ಬೇಡ, ಅದನ್ನು ಒದ್ದೆಯಲ್ಲೇ ಬಿಡಿಸಬೇಕು.

3. ನೀರಿನ ಹದ ನೋಡಿ. ಕೂಸಿಗೆ 37ರಿಂದ 38 ಡಿಗ್ರಿ ಸೆಲ್ಸಿಯಸ್, ಅಂದರೆ ಮೈ ಬಿಸಿಯಷ್ಟೇ. ಥರ್ಮಾಮೀಟರ್ ಬೇಕಾಗಿಲ್ಲ. ಮೊಣಕೈ ಅದ್ದಿ. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನಿಸಿದರೆ ಸರಿ. ಅಂಗೈಯನ್ನು ನಂಬಬೇಡಿ, ಅದು ಬಿಸಿಗೆ ಒಗ್ಗಿಹೋಗಿರುತ್ತದೆ.

4. ಮೈ ಸ್ನಾನ ಮೊದಲು, ತಲೆ ಕೊನೆಗೆ. ತಲೆ ಮೊದಲು ತೊಳೆದರೆ ಮಗು ಒದ್ದೆ ತಲೆಯಲ್ಲಿ ನಡುಗುತ್ತಾ ಕೂರಬೇಕು. ಟಬ್ ಆದರೆ ಶಾಂಪೂ ಬೆರೆತ ನೀರಲ್ಲೇ ಕೂತು ಮೈ ಚರ್ಮ ಒಣಗುತ್ತದೆ. ಇಸುಬು ಇರುವ ಮಕ್ಕಳಿಗೆ ಇದು ತುಂಬಾ ಮುಖ್ಯ.

5. ಬುಡ ನೆನೆಯುವ ತನಕ ನೀರು ಹಾಕಿ. ದಟ್ಟ ಕೂದಲಲ್ಲಿ ಮೇಲೆ ಒದ್ದೆ, ಒಳಗೆ ಒಣ ಆಗಿರುತ್ತದೆ. ಬೆರಳು ತೂರಿಸಿ ಖಾತ್ರಿ ಮಾಡಿಕೊಳ್ಳಿ.

6. ಶಾಂಪೂ ಅಂಗೈಯಲ್ಲಿ ಹರಡಿಕೊಂಡು ಬುಡಕ್ಕೆ ಮಾತ್ರ ಹಚ್ಚಿ. ಉಗುರು ಬೇಡ, ಬೆರಳ ದುಂಡುತುದಿ. ಮುಂದಲೆಯಿಂದ ನೆತ್ತಿಗೆ, ಕಿವಿಯ ಹಿಂದೆ, ಹೆಡತಲೆಗೆ. ಉದ್ದ ಕೂದಲನ್ನು ತಲೆ ಮೇಲೆ ಗುಡ್ಡೆ ಹಾಕಿ ಬಟ್ಟೆ ಉಜ್ಜುವ ಹಾಗೆ ಉಜ್ಜಬೇಡಿ. ಸಿಕ್ಕಾಗುವುದು ಅದರಿಂದಲೇ. ನೊರೆ ಕೆಳಗೆ ಇಳಿಯುವಾಗ ತುದಿ ತಾನೇ ತೊಳೆದುಹೋಗುತ್ತದೆ.

7. ಈಗ ನಾನು ಎಡವಿದ ಜಾಗ. ಶಾಂಪೂ ಹಾಕಿದ್ದಕ್ಕಿಂತ ಎರಡು ಪಟ್ಟು ಹೊತ್ತು ನೀರು ಹಾಕಿ. ಶಾಂಪೂ ಉಳಿಯುವುದು ಹೆಚ್ಚಾಗಿ ಮೂರು ಕಡೆ: ಎರಡೂ ಕಿವಿಯ ಹಿಂದಿನ ಸಂದು, ಹೆಡತಲೆ, ದಟ್ಟ ಕೂದಲಿದ್ದರೆ ನೆತ್ತಿಯ ಹಿಂಭಾಗ. ಒಂದು ಕೈಯಲ್ಲಿ ಕೂದಲು ಎತ್ತಿ, ಇನ್ನೊಂದರಲ್ಲಿ ಬುಡಕ್ಕೇ ನೀರು ಬಿಡಿ. ಆಮೇಲೆ ಕಿವಿಯ ಹಿಂದೆ ಬೆರಳು ಎಳೆಯಿರಿ. ಲೋಳೆಯ ಹಾಗೆ ಜಾರಿದರೆ ಇನ್ನೂ ಇದೆ. ಚರ್ಮ ಬೆರಳಿಗೆ ತಡೆದಂತಾದರೆ ಹೋಗಿದೆ. ನೊರೆ ಕಾಣುತ್ತಿಲ್ಲ ಅಂತ ನಿಲ್ಲಿಸಬೇಡಿ. ನೊರೆ ಹೋದ ಮೇಲೂ ಎರಡು ಮೂರು ಮಗ್ ಬೇಕು.

8. ಕಂಡೀಷನರ್ ಬೇಕಾದರೆ ಈಗ, ಬುಡಕ್ಕಲ್ಲ, ಅರ್ಧದಿಂದ ತುದಿಗೆ. ಗಿಡ್ಡ ಕೂದಲಿನ ಮಕ್ಕಳಿಗೆ ಬೇಕಿಲ್ಲ. ಒಂದೆರಡು ನಿಮಿಷ ಬಿಟ್ಟು ತೊಳೆಯಿರಿ.

ನೀರು ಕಂಡರೆ ಅಳುವ ಮಗು

ಮಕ್ಕಳು ಹೆದರುವುದು ಹೆಚ್ಚಾಗಿ ಶಾಂಪೂಗಲ್ಲ, ಕಣ್ಣು ಮುಚ್ಚಿಕೊಂಡಾಗ ತಲೆಯ ಮೇಲೆ ಯಾವಾಗ ನೀರು ಬೀಳುತ್ತದೋ ಗೊತ್ತಾಗದಿರುವುದಕ್ಕೆ. ಇದು ತಿಳಿದ ಮೇಲೆ ನಮ್ಮ ಮನೆಯ ಅರ್ಧ ಜಗಳ ಮುಗಿಯಿತು. ಪ್ರತಿ ಮಗ್‌ಗೂ ಮೊದಲು "ಒಂದು, ಎರಡು, ಮೂರು" ಅನ್ನಿ. ಮೂರಕ್ಕೇ ಸುರಿಯಿರಿ. ಎರಡಕ್ಕೆ ಸುರಿದು ನಗಬೇಡಿ, ಇನ್ನೊಂದು ತಿಂಗಳು ನಿಮ್ಮನ್ನು ನಂಬುವುದಿಲ್ಲ.

ಬಾಗಿಸುವುದಕ್ಕಿಂತ ಮೇಲೆ ನೋಡಿಸುವುದು ವಾಸಿ. ಮೇಲ್ಛಾವಣಿಗೆ ಒಂದು ಸ್ಟಿಕ್ಕರ್ ಅಂಟಿಸಿ, ನೀರು ಸುರಿಯುವಾಗ ಅದನ್ನೇ ನೋಡಲು ಹೇಳಿ. ಗದ್ದ ಮೇಲೆದ್ದರೆ ನೀರು ಹಿಂದಕ್ಕೆ ಇಳಿಯುತ್ತದೆ. ಒಣ ಬಟ್ಟೆಯನ್ನು ಮಡಚಿ ಹುಬ್ಬಿನ ಮೇಲೆ ಒತ್ತಿಹಿಡಿಯಲು ಮಗುವಿಗೇ ಕೊಡಿ. ಕೈಗೆ ಕೆಲಸವಿದ್ದರೆ ಭಯ ಕಡಿಮೆ. ನನ್ನ ಮಗ ಒಂದು ವರ್ಷ ಪೂರ್ತಿ ಈಜುವ ಕನ್ನಡಕ ಹಾಕಿಕೊಂಡೇ ತಲೆಸ್ನಾನ ಮಾಡಿದ. ನೋಡಲು ತಮಾಷೆ, ಕೆಲಸ ಮಾತ್ರ ಪಕ್ಕಾ.

ಅಳು ತೀರಾ ಜೋರಾದ ದಿನ ಬಿಟ್ಟುಬಿಡಿ. ಒಂದು ತಲೆಸ್ನಾನ ತಪ್ಪಿದರೆ ಏನೂ ಆಗುವುದಿಲ್ಲ. ಹಿಡಿದು ಸುರಿದರೆ ಮುಂದಿನ ಹತ್ತು ಸ್ನಾನ ಕೆಡುತ್ತವೆ.

ಕಣ್ಣಿಗೆ ಶಾಂಪೂ ಹೋಯಿತೇ? ಉಜ್ಜಲು ಬಿಡಬೇಡಿ. ಉಗುರುಬೆಚ್ಚಗಿನ ನೀರು ಹಾಕುತ್ತಾ ಇರಿ. ಕಿವಿಯೊಳಗೆ ಹತ್ತಿ ಕಡ್ಡಿ ತೂರಿಸಬೇಡಿ, ಹೊರಗಷ್ಟೇ ಒರೆಸಿ. ಕಿವಿ ತಮಟೆಯಲ್ಲಿ ತೂತಿರುವ, ಅಥವಾ ಕಿವಿಗೆ ಟ್ಯೂಬ್ ಹಾಕಿಸಿರುವ ಮಗುವಾದರೆ ಸೋಪಿನ ನೀರು ಒಳಗೆ ಹೋಗದಂತೆ ಏನು ಮಾಡಬೇಕು ಅಂತ ವೈದ್ಯರನ್ನು ಕೇಳಿ.

ಒಣಗಿಸುವುದು, ಬಾಚುವುದು

ಟವೆಲ್‌ನಿಂದ ತಿಕ್ಕಬೇಡಿ, ಒತ್ತಿ ನೀರು ಹೀರಿಸಿ. ಒದ್ದೆ ಕೂದಲು ರಬ್ಬರ್ ಹಾಗೆ ಎಳೆದುಕೊಂಡು ತುಂಡಾಗುತ್ತದೆ. ನೇರ ಕೂದಲನ್ನು ಸ್ವಲ್ಪ ಆರಿದ ಮೇಲೆ ಬಾಚಿ. ಗುಂಗುರು ಕೂದಲನ್ನು ಕಂಡೀಷನರ್ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಿಡಿಸಿ. ಎರಡಕ್ಕೂ ನಿಯಮ ಒಂದೇ: ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗಿ. ಸಿಕ್ಕಿನ ಮೇಲ್ಭಾಗವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರೆ ಎಳೆತ ಬುಡಕ್ಕೆ ತಾಗುವುದಿಲ್ಲ, ಮಗು ಕಿರುಚುವುದಿಲ್ಲ. ಡ್ರೈಯರ್ ಬಳಸುವುದಾದರೆ ಕಡಿಮೆ ಬಿಸಿಯಲ್ಲಿ, ದೂರದಿಂದ, ನಿಮ್ಮ ಕೈ ನಡುವೆ ಅಡ್ಡ ಇಟ್ಟುಕೊಂಡು. ಪೂರ್ತಿ ಒಣಗದೆ ಬಿಗಿ ಜಡೆ ಹಾಕಬೇಡಿ.

ಒದ್ದೆ ತಲೆಯಿಂದ ನೆಗಡಿ ಬರುತ್ತದೆ ಅನ್ನುವ ಮಾತು ಎಲ್ಲ ಕಡೆ ಇದೆ. ನೆಗಡಿ ತರುವುದು ವೈರಸ್, ನೀರಲ್ಲ. ಆದರೂ ಮಗುವಿಗೆ ಚಳಿಯಾಗುತ್ತದೆ, ಅದಕ್ಕಾಗಿ ಒಣಗಿಸಿ. ನೆಗಡಿ, ಸಣ್ಣ ಜ್ವರ ಇದ್ದರೂ ಮಗು ಗೆಲುವಾಗಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ತಲೆಸ್ನಾನ ಮಾಡಿಸಬಹುದು.

ತಲೆಯಲ್ಲಿ ಏನೋ ಸರಿಯಿಲ್ಲ ಅನಿಸಿದರೆ

ಸಣ್ಣ ಮಕ್ಕಳಲ್ಲಿ ನಿಜವಾದ ಹೊಟ್ಟು ಅಪರೂಪ, ಯಾಕೆಂದರೆ ಅದಕ್ಕೆ ಜಿಡ್ಡು ಬೇಕು. ಐದಾರು ವರ್ಷದ ಮಗುವಿಗೆ ಪುಡಿ ಏಳುತ್ತಿದ್ದರೆ ಮೊದಲು ಶಾಂಪೂ ಕಡಿಮೆ ಮಾಡಿ, ನೀರು ಜಾಸ್ತಿ ಮಾಡಿ ಎರಡು ವಾರ ನೋಡಿ. ನನ್ನ ಮಗಳದ್ದು ಹಾಗೇ ಹೋಯಿತು.

ಹೋಗದಿದ್ದರೆ, ಅದರಲ್ಲೂ ಪುಡಿಯ ಜೊತೆ ಒಂದು ಜಾಗದಲ್ಲಿ ದುಂಡಗೆ ಕೂದಲು ಉದುರಿದ್ದರೆ, ಬುಡದಲ್ಲಿ ಮುರಿದ ಕೂದಲು ಕಪ್ಪು ಚುಕ್ಕೆಗಳ ಹಾಗೆ ಕಂಡರೆ, ಕತ್ತಿನ ಹಿಂದೆ ಗಂಟು ಸಿಕ್ಕರೆ, ಅದು ತಲೆಯ ಹುಳುಕಡ್ಡಿ ಇರಬಹುದು. ಶಿಲೀಂಧ್ರದ ಸೋಂಕು. ಕೂದಲ ಒಳಗೇ ಇಳಿದಿರುವುದರಿಂದ ಯಾವ ಶಾಂಪೂ, ಯಾವ ಮುಲಾಮು ಒಂದೇ ಇದನ್ನು ಗುಣಮಾಡುವುದಿಲ್ಲ. ವಾರಗಟ್ಟಲೆ ಬಾಯಿಂದ ತೆಗೆದುಕೊಳ್ಳುವ ಔಷಧಿ ಬೇಕು. ವೈದ್ಯರು ಕೊಡುವ ಶಾಂಪೂ ಇನ್ನೊಬ್ಬರಿಗೆ ಹರಡದಿರಲಿ ಅಂತ ಅಷ್ಟೇ. ಬಾಚಣಿಗೆ, ಟೋಪಿ, ಟವೆಲ್ ಬೇರೆ ಮಾಡಿ.

ಇನ್ನು ಹೇನು. ತಲೆ ಸ್ವಚ್ಛ ಇಟ್ಟರೆ ಹೇನು ಬರುವುದಿಲ್ಲ ಅನ್ನುವುದು ತಪ್ಪು, ಬಂದವರ ತಲೆ ಕೊಳಕು ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು. ತಲೆಗೆ ತಲೆ ತಾಗಿದರೆ ಬರುತ್ತವೆ, ಅಷ್ಟೇ. ನೀರಲ್ಲಿ ಗಂಟೆಗಟ್ಟಲೆ ಬದುಕಬಲ್ಲವು, ಮಾಮೂಲಿ ಶಾಂಪೂಗೆ ಸಾಯುವುದಿಲ್ಲ. ಹಾಗಾಗಿ ಹೇನು ಕಂಡಾಗ ತಲೆಸ್ನಾನ ಹೆಚ್ಚಿಸಿ ಪ್ರಯೋಜನವಿಲ್ಲ. ಒದ್ದೆ ಕೂದಲಿಗೆ ಕಂಡೀಷನರ್ ಧಾರಾಳವಾಗಿ ಹಚ್ಚಿ, ಸೀರಣಿಗೆಯಲ್ಲಿ ಬುಡದಿಂದ ತುದಿಗೆ ಎಳೆಯೆಳೆಯಾಗಿ ಬಾಚಿ, ಪ್ರತಿ ಸಲವೂ ಬಿಳಿ ಕಾಗದಕ್ಕೆ ಒರೆಸಿ ನೋಡಿ. ಮೂರ್ನಾಲ್ಕು ದಿನಕ್ಕೊಮ್ಮೆ, ಎರಡು ಮೂರು ವಾರ ಬಿಡದೆ ಮಾಡಬೇಕು, ಯಾಕೆಂದರೆ ಸೀರು ಒಡೆದು ಮರಿ ಬರಲು ಒಂದು ವಾರದಿಂದ ಹತ್ತು ದಿನ. ಔಷಧಿ ಹಚ್ಚುವುದಾದರೆ ಅದಕ್ಕೆ ಮೊದಲು ಕಂಡೀಷನರ್ ಹಾಕಬೇಡಿ, ಔಷಧಿ ಹಿಡಿಯುವುದಿಲ್ಲ. ಹಚ್ಚಿ ತೊಳೆದ ಮೇಲೆ ಒಂದೆರಡು ದಿನ ಮತ್ತೆ ತಲೆಸ್ನಾನ ಬೇಡ.

ಎರಡು ಮೂರು ತಿಂಗಳ ಕೂಸಿನ ಕೂದಲು ಉದುರುವುದು, ಮಲಗುವ ಕಡೆ ತಲೆಯ ಹಿಂದೆ ಬೋಳಾಗುವುದು ಎರಡೂ ಸಹಜ. ಅದಕ್ಕೂ ತಲೆಸ್ನಾನಕ್ಕೂ ಸಂಬಂಧವಿಲ್ಲ. ಕೀವು, ರಕ್ತ, ನೋವು, ಜ್ವರ ಇದ್ದರೆ ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಮಗು ತಾನೇ ತೊಳೆದುಕೊಳ್ಳಲು ಶುರುಮಾಡಿದಾಗ

ಆರೇಳು ವರ್ಷಕ್ಕೆ ಶಾಂಪೂ ಹಚ್ಚುವುದನ್ನು ಮಗುವಿಗೆ ಬಿಡಿ, ನೀರು ಹಾಕುವುದನ್ನು ನೀವು ಮಾಡಿ. ಎಂಟೊಂಬತ್ತಕ್ಕೆ ಎರಡೂ ಮಗುವಿಗೆ, ಪರೀಕ್ಷೆ ನಿಮಗೆ. ಗಂಡುಮಕ್ಕಳು ನೆತ್ತಿಯ ಮೇಲೆ ಒಂದು ರೂಪಾಯಿ ಅಗಲ ಶಾಂಪೂ ಸವರಿ "ಆಯ್ತು" ಅನ್ನುತ್ತಾರೆ. ಹೆಣ್ಣುಮಕ್ಕಳು ಉದ್ದ ಕೂದಲ ತುದಿಯನ್ನೇ ತಿಕ್ಕಿ ತಿಕ್ಕಿ ಬುಡ ಮರೆಯುತ್ತಾರೆ. ಬೈದು ಪ್ರಯೋಜನವಿಲ್ಲ. ಒಮ್ಮೆ ಕನ್ನಡಿಯ ಮುಂದೆ ಒಣ ತಲೆಯಲ್ಲೇ ನಿಲ್ಲಿಸಿ, ಬೆರಳು ಎಲ್ಲೆಲ್ಲಿ ಹೋಗಬೇಕು ಅಂತ ಅವರ ಬೆರಳಲ್ಲೇ ತೋರಿಸಿ: ಮುಂದೆ, ಮೇಲೆ, ಎರಡು ಪಕ್ಕ, ಹಿಂದೆ. ಐದು ಜಾಗ. ಒಂದೊಂದು ಕಡೆ ಹತ್ತು ಎಣಿಸಲಿ.

ಹೊರಗೆ ಬಂದಾಗ ಕಿವಿಯ ಹಿಂದೆ ಒಂದು ಬೆರಳು ಎಳೆದು ನೋಡಿ. ನನ್ನ ಮಗಳಿಗೀಗ ಹನ್ನೊಂದು. ಟವೆಲ್ ಸುತ್ತಿಕೊಂಡು ಬಂದವಳು, ನಾನು ಕೇಳುವ ಮೊದಲೇ ಕಿವಿ ಮಡಚಿ ತೋರಿಸಿ ಓಡುತ್ತಾಳೆ.